ಬಿಚ್ಚಿದ ಡ್ಯಾಶ್‌ಬೋರ್ಡ್ ಮತ್ತೆ ಕೂಡಿಸುವುದು: ಹೀಟರ್ ರಿಪೇರಿ ಆದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಹೀಟರ್ ಕಾಯಿಲ್ (ಇಂಜಿನ್ನಿನ ಬಿಸಿ ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ಹರಿಯುವ ಭಾಗ) ಸೋರಿತೆಂದು ಮನೆ ಮುಂದೆಯೇ ಡ್ಯಾಶ್‌ಬೋರ್ಡ್ ಬಿಚ್ಚಿ, ಹೊಸ ಕಾಯಿಲ್ ತಂದಿಟ್ಟುಕೊಂಡವರಿಗಾಗಿ ಈ ಪುಟ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯವರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಬಿಚ್ಚುವುದನ್ನು ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು "ಇನ್ನು ಇದನ್ನೇ ಉಲ್ಟಾ ಮಾಡಿ" ಎಂದು ಹೇಳಿ ಮುಗಿದುಬಿಡುತ್ತವೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ.

ಬೋಲ್ಟಿನ ಜಾಗ, ಕ್ಲಿಪ್ಪಿನ ಲೆಕ್ಕ ಕಾರಿನಿಂದ ಕಾರಿಗೆ ಬೇರೆ. ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುವಲ್ ಪಕ್ಕದಲ್ಲಿರಲಿ. ಯಾವ ಕಾರಾದರೂ ಎರಡು ಮಾತು ಬದಲಾಗುವುದಿಲ್ಲ: ಡ್ಯಾಶ್‌ಬೋರ್ಡಿನ ಹಿಂದೆ ಮುಚ್ಚಿಹೋಗುವ ಪ್ರತಿಯೊಂದನ್ನೂ ಮುಚ್ಚುವ ಮೊದಲೇ ಪರೀಕ್ಷೆ ಮಾಡಬೇಕು, ಏರ್‌ಬ್ಯಾಗಿನ ಹತ್ತಿರ ಅಂದಾಜಿನ ಕೆಲಸ ಮಾಡಬಾರದು.

ನಮ್ಮ ಬಿಸಲಿನ ಊರಾಗ ಹೀಟರ್ ಯಾಕ ಬೇಕ್ರೀ? ಪೈಪ್ ಬೈಪಾಸ್ ಮಾಡಿ ಬಿಟ್ರ ನಡೀತದಲ್ಲ?

ತಾತ್ಪೂರ್ತಿಕ ಕೆಲಸಕ್ಕೆ ನಡೆಯುತ್ತದೆ, ಕಾಯಂ ಆಗಿ ಬೇಡ. ಹೀಟರ್ ಇರುವುದು ಚಳಿಗೆ ಮಾತ್ರವಲ್ಲ. ಜುಲೈ ತಿಂಗಳಲ್ಲಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹೋದವರಿಗೆ ಇದು ಗೊತ್ತು. ಒಳಗೆ ನಾಲ್ಕು ಜನ, ಹೊರಗೆ ಜಡಿಮಳೆ, ಮುಂದಿನ ಗಾಜು ನೋಡನೋಡುತ್ತ ಮಂಜಾಗುತ್ತದೆ. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಆ ಗಾಳಿಯನ್ನು ಬಿಸಿ ಮಾಡುತ್ತದೆ. ಎರಡೂ ಕೂಡಿದಾಗ ಗಾಜು ಬೇಗ ತಿಳಿಯಾಗುತ್ತದೆ. ಧಾರವಾಡದಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ ಹೊರಡುವವರಿಗೂ ಇದು ಬೇಕು.

ಹೊಸ ಕಾಯಿಲ್ ಬರುವವರೆಗೆ ಬೈಪಾಸ್ ಮಾಡಲೇಬೇಕಾದರೆ ಇಂಜಿನ್‌ನಿಂದ ಬರುವ ಮತ್ತು ಮರಳುವ ಎರಡೂ ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ. ಎರಡಕ್ಕೂ ಬಿರಡೆ ಬಡಿದು ಮುಚ್ಚಬೇಡಿ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಬಿಸಿಯೇರಿದಾಗ ರೇಡಿಯೇಟರಿನ ದಾರಿ ತೆರೆಯುವ ಕವಾಟ) ಮುಚ್ಚಿರುವಾಗ ಕೂಲಂಟ್ ತಿರುಗಾಡುವುದೇ ಈ ದಾರಿಯಲ್ಲಿ.

ಹೊಸಾ ಕಾಯಿಲ್ ಕೂಡಿಸೇನಿ. ಇನ್ನ ಡ್ಯಾಶ್‌ಬೋರ್ಡ್ ಎತ್ತಿ ಇಡಬಹುದೇನ್ರೀ?

ಸ್ವಲ್ಪ ತಡೆಯಿರಿ. ಡ್ಯಾಶ್‌ಬೋರ್ಡ್ ಹಾಕಿ, ಎಲ್ಲ ಸ್ಕ್ರೂ ಬಿಗಿದು, ಆಮೇಲೆ ಕಾಲಡಿ ನೀರು ಕಂಡರೆ ಇಡೀ ಕೆಲಸ ಮೊದಲಿನಿಂದ.

ರೇಡಿಯೇಟರ್ ಮುಚ್ಚಳದ ಜಾಗದಲ್ಲಿ ಕೂಡಿಸಿ ಕೈಯಿಂದ ಗಾಳಿ ಹೊಡೆಯುವ ಪ್ರೆಶರ್ ಪಂಪ್ ಸಿಗುತ್ತದೆ. ಕೊಳ್ಳಬೇಕೆಂದಿಲ್ಲ, ಪರಿಚಯದ ಗ್ಯಾರೇಜಿನಲ್ಲಿ ಒಂದು ತಾಸಿನ ಮಟ್ಟಿಗೆ ಕೇಳಿ ತನ್ನಿ. ಹೋಸ್‌ಗಳನ್ನು ಹೊಸ ಕಾಯಿಲ್‌ಗೆ ಜೋಡಿಸಿ, ಕೂಲಂಟ್ ತುಂಬಿ, ಇಂಜಿನ್ ತಣ್ಣಗಿರುವಾಗಲೇ ಪಂಪ್ ಹೊಡೆಯಿರಿ. ಎಷ್ಟು ಒತ್ತಡ ಎಂಬುದು ರೇಡಿಯೇಟರ್ ಮುಚ್ಚಳದ ಮೇಲೆಯೇ ಬರೆದಿರುತ್ತದೆ, ಬಹಳಷ್ಟು ಕಾರುಗಳಲ್ಲಿ ಸುಮಾರು 0.9 ಅಥವಾ 1.1 ಬಾರ್. ಅದಕ್ಕಿಂತ ಹೆಚ್ಚು ಹೊಡೆಯಬೇಡಿ. 15-20 ನಿಮಿಷ ಪಂಪಿನ ಮುಳ್ಳು ಅಲುಗಾಡದೆ ನಿಂತರೆ ಸರಿ. ಮುಳ್ಳು ಇಳಿಯುತ್ತಿದ್ದರೆ ಕಾಯಿಲ್‌ನ ಎರಡು ಮೂತಿ, ಹೋಸ್‌ನ ಕ್ಲಿಪ್, ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಉಂಗುರ) ಇರುವ ಜಾಗಗಳನ್ನು ಒಣ ಟಿಶ್ಯೂ ಕಾಗದದಿಂದ ಒರೆಸಿ ನೋಡಿ. ಕಣ್ಣಿಗೆ ಕಾಣದ ಹನಿಯನ್ನೂ ಕಾಗದ ತೋರಿಸುತ್ತದೆ. ಪಂಪ್ ಸಿಗದಿದ್ದರೆ ಕೂಲಂಟ್ ತುಂಬಿ ಒಂದು ರಾತ್ರಿ ಹಾಗೇ ಬಿಡಿ. ದೊಡ್ಡ ಸೋರಿಕೆ ಗೊತ್ತಾಗುತ್ತದೆ, ಬಿಸಿ ಒತ್ತಡದಲ್ಲಿ ಮಾತ್ರ ಸೋರುವ ಸಣ್ಣದು ಹೀಗೆ ಸಿಗುವುದಿಲ್ಲ.

ಗಾಳಿ ಬೀಸುವ ಬ್ಲೋವರ್ ಮೋಟರ್ ಕೂಡ ಹೀಟರ್ ಬಾಕ್ಸಿನೊಳಗೆ ಹೋಗುವ ಮೊದಲೇ ತಿರುಗಿಸಿ ನೋಡಬೇಕು. ಫ್ಯಾನಿನ ಹಲ್ಲುಗಳ ನಡುವೆ ಒಣ ಎಲೆ, ಕಡ್ಡಿ ಸಿಕ್ಕಿದ್ದರೆ ತೆಗೆಯಿರಿ. ಗಾಳಿಯ ದಾರಿ ಬದಲಿಸುವ ಪ್ಲಾಸ್ಟಿಕ್ ಬಾಗಿಲುಗಳನ್ನು ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಆಡಿಸಿ. ಎಲ್ಲಿಯೂ ಹಿಡಿಯಬಾರದು.

ಇಷ್ಟಕ್ಕೆ ಇಗ್ನಿಶನ್ ಹಾಕುವ ಅವಶ್ಯಕತೆ ಇಲ್ಲ, ಹಾಕಲೂಬೇಡಿ. ಏರ್‌ಬ್ಯಾಗಿನ ಕಪ್ಲರ್ (ವೈರು ಜೋಡಿಸುವ ಪ್ಲಗ್) ಬಿಚ್ಚಿರುವಾಗ ಕೀ ತಿರುಗಿಸಿದರೆ ಏರ್‌ಬ್ಯಾಗ್ ಕಂಟ್ರೋಲರ್ ಅದನ್ನು ದೋಷವೆಂದು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಕೆಂಪು ದೀಪ ಹೋಗಲು ಸ್ಕ್ಯಾನರ್ ಬೇಕಾಗಬಹುದು.

ಹೀಟರ್ ಪೈಪ್ ಮತ್ತ ಕ್ಲಿಪ್ ಬಗ್ಗೆ ಏನರ ಹೇಳ್ರೀ.

ರಬ್ಬರ್ ಹೋಸ್ ಸಲೀಸಾಗಿ ಏರಲಿ ಎಂದು ಗ್ರೀಸ್, ಇಂಜಿನ್ ಆಯಿಲ್ ಸವರುವ ರೂಢಿ ಇದೆ. ಕೂಲಂಟ್ ಹೋಸ್‌ನ ರಬ್ಬರ್ ಎಣ್ಣೆ ತಾಕಿದರೆ ಉಬ್ಬಿ ಮೆತ್ತಗಾಗುತ್ತದೆ. ಸ್ವಲ್ಪ ಕೂಲಂಟನ್ನೇ ಒಳಗೆ ಸವರಿ, ತಿರುಗಿಸುತ್ತ ತಳ್ಳಿ. ಕಾಯಿಲ್‌ನ ಮೂತಿ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್. ಸ್ಕ್ರೂ ಕ್ಲಿಪ್ಪನ್ನು ಮೈಯ ಬಲವೆಲ್ಲ ಹಾಕಿ ಬಿಗಿದರೆ ಮೂತಿ ಚಪ್ಪಟೆಯಾಗುತ್ತದೆ ಇಲ್ಲವೇ ಸೀಳುತ್ತದೆ. ಕಂಪನಿಯಿಂದ ಬಂದ ಸ್ಪ್ರಿಂಗ್ ಕ್ಲಿಪ್ ಗಟ್ಟಿಯಾಗಿದ್ದರೆ ಅದನ್ನೇ ಹಾಕಿ. ರಬ್ಬರ್ ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗಿದಂತೆ ಅದು ತಾನಾಗಿ ಹೊಂದಿಕೊಳ್ಳುತ್ತದೆ. ಓ-ರಿಂಗ್ ಹಳೆಯದು ಬೇಡವೇ ಬೇಡ.

ಪೈಪುಗಳು ಇಂಜಿನ್ ಕಡೆಯಿಂದ ಒಳಗೆ ಬರುವ ಗೋಡೆಯ ಹತ್ತಿರ ಒಂದು ಸ್ಪಂಜಿನ ಪಟ್ಟಿ ಇರುತ್ತದೆ. ಹತ್ತು ವರ್ಷದ ಕಾರಿನಲ್ಲಿ ಅದು ಮುಟ್ಟಿದರೆ ಪುಡಿ. ಹೊಸ ಫೋಮ್ ಟೇಪು ಸುತ್ತಿ. ಇಲ್ಲವಾದರೆ ಇಂಜಿನ್ನಿನ ಬಿಸಿ, ವಾಸನೆ, ಮಳೆನೀರು ಎಲ್ಲವೂ ಒಳಗೆ. ಗದಗ-ಅಣ್ಣಿಗೇರಿ ಕಡೆಯ ಎರೆ ಹೊಲಗಳ ದೂಳಿಗೆ ಇಂಥ ಸಣ್ಣ ಸಂದು ಸಾಕು.

ಡ್ಯಾಶ್‌ಬೋರ್ಡ್ ಕೂಡವಲ್ತು. ಒಂದ ಕಡೆ ಕೂತ್ರ ಇನ್ನೊಂದ ಕಡೆ ಎದ್ದ ಬರ್ತದ.

ಬಹಳ ಜನ ಕೇಳುವ ಪ್ರಶ್ನೆ. ಉತ್ತರ ಹೆಚ್ಚಾಗಿ ಒಂದೇ: ಹಿಂದೆ ಏನೋ ಸಿಕ್ಕಿಕೊಂಡಿದೆ. ಕೈಯಿಂದ ಗುದ್ದಬೇಡಿ.

ಇದು ಇಬ್ಬರ ಕೆಲಸ. ಒಬ್ಬರು ಚಾಲಕನ ಬಾಗಿಲಿಗೆ, ಒಬ್ಬರು ಎಡಗಡೆಯ ಬಾಗಿಲಿಗೆ ನಿಂತು, ಅಂಚು ಬಾಗಿಲಿನ ಕಂಬಕ್ಕೆ ತರಚದಂತೆ ಹಳೆಯ ಬೆಡ್‌ಶೀಟ್ ಹಾಸಿ, ಒಟ್ಟಿಗೆ ಒಳಗೆ ತರಬೇಕು. ಪೂರ್ತಿ ತಳ್ಳುವ ಮೊದಲು ಒಂದು ಗೇಣು ಹಿಂದೆಯೇ ಹಿಡಿದು ನಿಲ್ಲಿಸಿ. ಈ ಹೊತ್ತಿನಲ್ಲಿ ಒಬ್ಬರು ಟಾರ್ಚ್ ಹಿಡಿದು ವೈರಿಂಗಿನ ಒಂದೊಂದು ತುದಿಯನ್ನೂ ಅದರದರ ಕಿಂಡಿಯಿಂದ ಹೊರಗೆ ಎಳೆದಿಡಬೇಕು: ಮೀಟರಿನದು, ಸ್ಟೀರಿಯೊದ್ದು, ಎಸಿ ಸ್ವಿಚ್ಚಿನದು, ಹಜಾರ್ಡ್ ಲೈಟಿನದು, ಗ್ಲವ್ ಬಾಕ್ಸಿನ ದೀಪದ್ದು, ಎಡಗಡೆಯ ಏರ್‌ಬ್ಯಾಗಿನದು, ಸ್ಟೀರಿಯೊದ ಆ್ಯಂಟೆನಾ ವೈರು. ಆ್ಯಂಟೆನಾ ವೈರನ್ನು ಹೆಚ್ಚಿನವರು ಮರೆಯುತ್ತಾರೆ, ಅದು ಕೆಳಗೆ ಬಿದ್ದು ಹೀಟರ್ ಬಾಕ್ಸಿನ ಹಿಂದೆ ಸೇರಿಕೊಂಡಿರುತ್ತದೆ. ಒಂದು ಕಪ್ಲರ್ ಒಳಗೇ ಉಳಿದರೆ ಡ್ಯಾಶ್‌ಬೋರ್ಡ್ ಮತ್ತೆ ಹೊರಬರಬೇಕು.

ಆಮೇಲೆ ನೋಡಬೇಕಾದದ್ದು ಗೂಟಗಳನ್ನು. ಮುಂದಿನ ಗಾಜಿನ ಬುಡದಲ್ಲಿ ಪ್ಲಾಸ್ಟಿಕ್ ಗೂಟಗಳು ಬಾಡಿಯ ರಂಧ್ರದಲ್ಲಿ ಕೂರುತ್ತವೆ. ಅವು ಕೂತರೆ ಉಳಿದ ಬೋಲ್ಟಿನ ರಂಧ್ರಗಳೆಲ್ಲ ತಾವಾಗಿಯೇ ಸರಿಗೆ ಬರುತ್ತವೆ. ಡ್ಯಾಶ್‌ಬೋರ್ಡಿನ ಗಾಳಿ ಕೊಳವೆಗಳು ಹೀಟರ್ ಬಾಕ್ಸಿನ ಬಾಯಿಗೆ ನೆಟ್ಟಗೆ ಕೂತಿವೆಯೇ ಎಂಬುದನ್ನು ಸ್ಟೀರಿಯೊ ಇಡುವ ಖಾಲಿ ಜಾಗದಿಂದ ಕೈ ಹಾಕಿ ಸವರಿ ನೋಡಿ. ಅಲ್ಲಿ ಒಂದು ಬೆರಳಿನಷ್ಟು ಅಂತರ ಉಳಿದರೂ ಗಾಳಿ ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೇ ಸೋರಿಹೋಗುತ್ತದೆ, ಮುಖಕ್ಕೆ ಬರುವುದಿಲ್ಲ.

ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ಎರಡು-ಮೂರು ಸುತ್ತು ಹಿಡಿಸಿ ಬಿಡಿ. ಒಂದನ್ನು ಪೂರ್ತಿ ಬಿಗಿದು ಮುಂದೆ ಹೋದರೆ ಕೊನೆಯ ರಂಧ್ರ ಎಂದಿಗೂ ಸರಿಗೆ ಬರುವುದಿಲ್ಲ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಬಿಗಿಯುತ್ತ ಹೋಗಿ.

ಡ್ಯಾಶ್‌ಬೋರ್ಡಿನ ಹಿಂದೆ ಅಡ್ಡಲಾಗಿ ಒಂದು ಕಬ್ಬಿಣದ ಬೀಮ್ ಇರುತ್ತದೆ. ಸ್ಟೀರಿಂಗ್ ಕಾಲಂ (ಸ್ಟೀರಿಂಗಿನ ದಂಡ), ಎಡಗಡೆಯ ಏರ್‌ಬ್ಯಾಗ್ ಎರಡಕ್ಕೂ ಅದೇ ಆಧಾರ. ಅದನ್ನು ಬಿಚ್ಚಿದ್ದರೆ ಅದರ ಬೋಲ್ಟು, ಸ್ಟೀರಿಂಗ್ ಕಾಲಂ ಬೋಲ್ಟುಗಳನ್ನು ಮ್ಯಾನುವಲ್ಲಿನಲ್ಲಿ ಕೊಟ್ಟ ಬಿಗಿತಕ್ಕೇ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಇಲ್ಲಿ "ಕೈ ಅಂದಾಜು" ಒಪ್ಪುವಂಥದ್ದಲ್ಲ. ಇದೇ ಬೀಮಿಗೆ ಅರ್ಥಿಂಗ್ ವೈರುಗಳೂ ಬಂದು ಸೇರುತ್ತವೆ. ಆ ಜಾಗವನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಹೊಳಪು ಬಂದ ಮೇಲೆ ಬಿಗಿಯಿರಿ. ಕೂಡಿಸಿದ ನಂತರ ಮೀಟರ್ ಮಿಣುಕುವುದು, ಸ್ಟೀರಿಯೊ ತಾನೇ ಬಂದಾಗುವುದು, ಬ್ಲೋವರ್ ನಿಧಾನವಾಗುವುದು, ಇಂಥ ಅರ್ಥವಾಗದ ಕಾಟಗಳ ಮೂಲ ಹಲವು ಸಲ ಈ ಸಡಿಲ ಅರ್ಥಿಂಗೇ.

ಸ್ಕ್ರೂ ಎಲ್ಲಾ ಕಲತ ಹೋಗ್ಯಾವು. ಯಾವದು ಎಲ್ಲಿದು ಹೆಂಗ ಗೊತ್ತಾಗಬೇಕು?

ತುದಿ ನೋಡಿ. ಚೂಪು ತುದಿ, ದೂರ ದೂರ ಎಳೆ ಇದ್ದರೆ ಪ್ಲಾಸ್ಟಿಕ್ಕಿನದು. ಮೊಂಡ ತುದಿ, ಒತ್ತೊತ್ತಾದ ಎಳೆ ಇದ್ದರೆ ಲೋಹದ ನಟ್ಟಿನದು ಅಥವಾ ಬೀಮಿನದು. ತಲೆಗೆ ಅಗಲ ವಾಶರ್ ಕೂಡಿಯೇ ಇದ್ದರೆ ಅದು ಬಹುಮಟ್ಟಿಗೆ ಉದ್ದುದ್ದ ರಂಧ್ರ ಇರುವ ಕಡೆಯದು. ರಂಧ್ರದ ಸುತ್ತ ಹಳೆಯ ತಲೆ ಕೂತಿದ್ದ ಗುರುತು ಉಂಗುರದಂತೆ ಕಾಣುತ್ತದೆ. ಆ ಗುರುತಿಗೆ ಸರಿಹೊಂದುವ ತಲೆಯ ಸ್ಕ್ರೂ ಹುಡುಕಿ.

ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹೋಗಬಾರದು. ಅದು ಹಿಂದಿನ ವೈರಿಂಗಿಗೆ ಚುಚ್ಚಬಹುದು, ಇಲ್ಲವೇ ಡ್ಯಾಶ್‌ಬೋರ್ಡಿನ ಮೇಲ್ಮೈಯಲ್ಲಿ ಗುಳ್ಳೆಯಂತೆ ಎದ್ದು ನಿಲ್ಲಬಹುದು. ಉಲ್ಟಾ ಆದರೆ ಅಷ್ಟು ಅಪಾಯವಿಲ್ಲ, ಹಿಡಿತ ಮಾತ್ರ ಸಿಗುವುದಿಲ್ಲ.

ಪ್ಲಾಸ್ಟಿಕ್ಕಿಗೆ ಹಳೆಯ ಸ್ಕ್ರೂ ಮತ್ತೆ ಹಾಕುವ ರೀತಿಯನ್ನು ಕಲಿತುಕೊಂಡರೆ ರಂಧ್ರ ಹಾಳಾಗುವುದಿಲ್ಲ. ಸ್ಕ್ರೂ ಇಟ್ಟು, ಮೆಲ್ಲಗೆ ಒತ್ತಿ, ಮೊದಲು ಬಿಚ್ಚುವ ದಿಕ್ಕಿಗೆ ತಿರುಗಿಸಿ. ಒಂದು ಕಡೆ 'ಟಕ್' ಎಂದು ಚೂರು ಕೆಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಹಳೆಯ ಎಳೆಯ ಬಾಯಿ ಅದೇ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಸ್ಕ್ರೂ ತನ್ನ ಹಳೆಯ ದಾರಿಯಲ್ಲೇ ಹೋಗುತ್ತದೆ. ಡ್ರಿಲ್ ಮಶಿನ್ನಿನಿಂದ ಸರ್ರನೆ ಇಳಿಸಿದರೆ ಹೊಸ ಎಳೆ ಕೊರೆದು, ಮುಂದಿನ ಸಲ ರಂಧ್ರ ಬೋಳು. ತಲೆ ಕೂತ ಮೇಲೆ ಕಾಲು ಸುತ್ತು ಸಾಕು. 10 ಮಿಮೀ ಪಾನಾ ಹಿಡಿಯುವ 6 ಮಿಮೀ ಬೋಲ್ಟುಗಳಿಗೂ ಸಾಮಾನ್ಯವಾಗಿ 10 ನ್ಯೂಟನ್-ಮೀಟರಿನ ಆಸುಪಾಸಿನ ಬಿಗಿತವೇ ಇರುತ್ತದೆ, ಉದ್ದ ಹಿಡಿಕೆಯ ರ‍್ಯಾಚೆಟ್ ಬೇಡ.

ಇನ್ನೂ ಬಿಚ್ಚದವರು ಇದನ್ನು ಓದುತ್ತಿದ್ದರೆ: ರಟ್ಟಿನ ಮೇಲೆ ಡ್ಯಾಶ್‌ಬೋರ್ಡಿನ ಚಿತ್ರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನು ಅದರ ಜಾಗದಲ್ಲೇ ಚುಚ್ಚಿಡಿ. ಫೋಟೊ ತೆಗೆಯುವಾಗ ಹತ್ತಿರದ್ದೊಂದು, ದೂರದ್ದೊಂದು ತೆಗೆಯಿರಿ. ಹತ್ತಿರದ ಫೋಟೊ ಒಂದನ್ನೇ ನೋಡಿದರೆ ಅದು ಯಾವ ಮೂಲೆ ಎಂದು ಆಮೇಲೆ ತಿಳಿಯುವುದಿಲ್ಲ.

ಎಲ್ಲಾ ಮುಗೀತ್ರೀ, ಮೂರು ಸ್ಕ್ರೂ ಉಳದಾವು.

ಎಲ್ಲಿಯವು ಎಂಬುದು ಗೊತ್ತಾಗುವವರೆಗೆ ಗಾಡಿ ಹೊರಗೆ ತೆಗೆಯಬೇಡಿ. ಸಣ್ಣ ಪ್ಲಾಸ್ಟಿಕ್ ಸ್ಕ್ರೂ ಆಗಿದ್ದರೆ ಸ್ಟೀರಿಯೊದ ಕೆಳಗೆ, ಗ್ಲವ್ ಬಾಕ್ಸಿನ ಮೇಲಂಚು, ಮೀಟರಿನ ಸುತ್ತಲ ಚೌಕಟ್ಟಿನೊಳಗೆ, ಎರಡೂ ಬದಿಯ ಮುಚ್ಚಳದ ಹಿಂದೆ ನೋಡಿ. 10 ಅಥವಾ 12 ಮಿಮೀ ಬೋಲ್ಟು ಉಳಿದಿದ್ದರೆ ಅದು ಬೀಮು, ಸ್ಟೀರಿಂಗ್ ಕಾಲಂ ಅಥವಾ ಏರ್‌ಬ್ಯಾಗಿನ ಆಧಾರದ್ದಾಗಿರಬಹುದು. ಅದನ್ನು ಹುಡುಕಲೇಬೇಕು.

ಏರ್‌ಬ್ಯಾಗ್ ಅಂದ್ರ ಅಂಜಿಕಿ ಆಗ್ತದ. ಬ್ಯಾಟರಿ ತಗದ ಮ್ಯಾಲ ಏನೂ ಆಗೂದಿಲ್ಲ ಅಲ್ಲ?

ಅಂಜಿಕೆ ಇರುವುದು ಒಳ್ಳೆಯದು. ಏರ್‌ಬ್ಯಾಗ್ ಉಬ್ಬಲು ಹಿಡಿಯುವ ಸಮಯ ಸುಮಾರು 30ರಿಂದ 50 ಮಿಲಿಸೆಕೆಂಡು. ಅದರ ಒಳಗಿರುವುದು ಸಣ್ಣ ಸ್ಫೋಟಕ. ಬ್ಯಾಟರಿ ಕಳಚಿದ ಮೇಲೂ ಕಂಟ್ರೋಲರಿನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಅಪಘಾತದಲ್ಲಿ ಬ್ಯಾಟರಿ ಒಡೆದುಹೋದರೂ ಏರ್‌ಬ್ಯಾಗ್ ಕೆಲಸ ಮಾಡಲಿ ಎಂದೇ ಹಾಗೆ ಮಾಡಿದ್ದಾರೆ. ನೆಗೆಟಿವ್ ಟರ್ಮಿನಲ್ ಕಳಚಿ, ಅದು ಮರಳಿ ತಾಕದಂತೆ ಬಟ್ಟೆ ಸುತ್ತಿ, ಮ್ಯಾನುವಲ್ ಹೇಳಿದಷ್ಟು ಹೊತ್ತು ಕಾಯಿರಿ. ಕೆಲವರು ಒಂದೆರಡು ನಿಮಿಷ ಎನ್ನುತ್ತಾರೆ, ಕೆಲವರು ಹತ್ತು. ಗೊತ್ತಿಲ್ಲದಿದ್ದರೆ ಹತ್ತಕ್ಕಿಂತ ಹೆಚ್ಚೇ ಕಾಯಿರಿ.

ಏರ್‌ಬ್ಯಾಗಿನ ಕಪ್ಲರ್‌ಗಳು ಸಾಮಾನ್ಯವಾಗಿ ಹಳದಿ ಬಣ್ಣದವು, ಒಂದಲ್ಲ ಎರಡು ಲಾಕು ಇರುತ್ತವೆ. ಕೂಡಿಸುವಾಗ ಮೊದಲು ಕಪ್ಲರ್ ಪೂರ್ತಿ ಒಳಗೆ, ಆಮೇಲೆ ಎರಡನೆಯ ಲಾಕು. ಎರಡನೆಯದು ಕೂರುತ್ತಿಲ್ಲವೆಂದರೆ ಮೊದಲನೆಯದು ಪೂರ್ತಿ ಕೂತಿಲ್ಲ ಎಂದೇ ಅರ್ಥ. ಮಲ್ಟಿಮೀಟರ್ ಹಚ್ಚಿ ಏರ್‌ಬ್ಯಾಗ್ ಪರೀಕ್ಷೆ ಮಾಡಬೇಡಿ, ಮೀಟರಿನ ಸಣ್ಣ ಕರೆಂಟೂ ಅದನ್ನು ಹಾರಿಸಬಲ್ಲದು. ಎತ್ತಿಕೊಂಡು ಹೋಗುವಾಗ ಮುಚ್ಚಳದ ಮುಖ ನಿಮ್ಮ ಮೈಯಿಂದ ಆಚೆಗಿರಲಿ, ಕೆಳಗಿಡುವಾಗ ಮುಖ ಮೇಲೆ. ಬೋರಲು ಇಟ್ಟಿದ್ದು ಹಾರಿದರೆ ಇಡೀ ಗಟ್ಟಿ ಭಾಗ ಮೇಲಕ್ಕೆ ಚಿಮ್ಮುತ್ತದೆ. ಮಕ್ಕಳು ಆ ಕೋಣೆಗೆ ಬರಬಾರದು.

ಭಾರತದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಮುಂದಿನ ಪ್ರಯಾಣಿಕನದು ಹೊಸ ಮಾಡೆಲ್‌ಗಳಿಗೆ 2021ರ ಏಪ್ರಿಲ್ 1ರಿಂದ ಬಂತು. ಅದಕ್ಕೂ ಹಿಂದಿನ ಕಾರುಗಳಲ್ಲಿ ಇರಬಹುದು, ಇಲ್ಲದಿರಬಹುದು. ನಿಮ್ಮದರಲ್ಲಿ ಇದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಡ್ಯಾಶ್‌ಬೋರ್ಡಿನ ಎಡಭಾಗದ ಮೇಲೆ, ಸ್ಟೀರಿಂಗಿನ ನಡುವೆ ಗುರುತು ಅಚ್ಚಾಗಿರುತ್ತದೆ.

ಬ್ಯಾಟರಿಯನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸಿ. ಮೊದಲ ಸಲ ಇಗ್ನಿಶನ್ ಹಾಕುವಾಗ ಸೀಟಿನ ಮೇಲೆ ಯಾರೂ ಕೂತಿರಬಾರದು, ಬಾಗಿಲಿನಿಂದಲೇ ಕೈ ಚಾಚಿ ಕೀ ತಿರುಗಿಸಿ. ಏರ್‌ಬ್ಯಾಗಿನ ದೀಪ ಕೆಲವು ಸೆಕೆಂಡು ಹತ್ತಿ, ಆಮೇಲೆ ಆರಬೇಕು. ಆರದಿದ್ದರೆ ಅಥವಾ ಹತ್ತದೇ ಇದ್ದರೆ ಎರಡೂ ದೋಷವೇ. ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳು ಹೆಚ್ಚಾಗಿ ಇಂಜಿನ್ನಿನ ಕೋಡ್ ಮಾತ್ರ ಓದುತ್ತವೆ, ಏರ್‌ಬ್ಯಾಗಿನ ಕೋಡಿಗೆ ಗ್ಯಾರೇಜಿನ ಸ್ಕ್ಯಾನರ್ ಬೇಕು. "ಒಂದು ರೆಸಿಸ್ಟರ್ ಹಾಕಿ ದೀಪ ಆರಿಸಿಕೊಡ್ತೀನಿ" ಎನ್ನುವವರ ಹತ್ತಿರ ಹೋಗಬೇಡಿ. ದೀಪ ಆರುತ್ತದೆ, ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯುವುದಿಲ್ಲ.

ಸಿದ್ಧಾರೂಢ ಅಜ್ಜನ ಮೂರ್ತಿ ಮೊದಲ ಡ್ಯಾಶ್‌ಬೋರ್ಡಿನ ಮ್ಯಾಲ ಇತ್ತು. ಈಗ ಎಲ್ಲಿ ಇಡೂದು?

ಏರ್‌ಬ್ಯಾಗ್ ಮುಚ್ಚಳದ ಮೇಲಾಗಲೀ ಅದರ ಎದುರಿಗಾಗಲೀ ಬೇಡ. ಏರ್‌ಬ್ಯಾಗ್ ತೆರೆದರೆ ಅಲ್ಲಿರುವ ಮೂರ್ತಿ, ಸೆಂಟಿನ ಬಾಟಲಿ, ಟಿಶ್ಯೂ ಡಬ್ಬಿ ಯಾವುದಾದರೂ ಎದುರಿನವರ ಮುಖಕ್ಕೆ ಕಲ್ಲಿನಂತೆ ಬಡಿಯುತ್ತದೆ. ಸ್ಟೀರಿಯೊದ ಕೆಳಗಿನ ತಗ್ಗಿನಲ್ಲಿ ಸಣ್ಣ ಪಟ ಇಟ್ಟುಕೊಳ್ಳಿ, ಅಂಟಿಸಿದ್ದು ಗಟ್ಟಿ ಇರಲಿ.

ಸ್ಟೇರಿಂಗ್ ತಗದಿದ್ದೆ. ಹಾಕೂವಾಗ ಏನ ನೋಡಬೇಕು?

ಸ್ಟೀರಿಂಗ್ ಹಿಂದೆ ಸುರುಳಿ ಸುತ್ತಿದ ಚಪ್ಪಟೆ ಕೇಬಲ್ಲಿನ ಒಂದು ಡಬ್ಬಿ ಇರುತ್ತದೆ, ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ಹಾರ್ನ್, ಸ್ಟೀರಿಂಗ್ ಮೇಲಿನ ಬಟನ್, ಏರ್‌ಬ್ಯಾಗ್ ಎಲ್ಲಕ್ಕೂ ಕರೆಂಟು ಹೋಗುವುದು ಇದರಿಂದ. ಬಿಚ್ಚಿದ ಹೊತ್ತಿನಲ್ಲಿ ಇದು ತಿರುಗಿಹೋಗಿದ್ದರೆ, ಹಾಗೇ ಕೂಡಿಸಿ ಪೂರ್ತಿ ಸ್ಟೀರಿಂಗ್ ಕಟ್ ಮಾಡಿದ ದಿನ ಕೇಬಲ್ ಹರಿಯುತ್ತದೆ. ಮುಂದಿನ ಚಕ್ರಗಳು ನೆಟ್ಟಗಿರಲಿ. ಡಬ್ಬಿಯನ್ನು ಮೆಲ್ಲಗೆ ಒಂದು ದಿಕ್ಕಿಗೆ ತಿರುಗಿಸಿ, ತಡೆ ಸಿಕ್ಕಾಗ ನಿಲ್ಲಿಸಿ, ಮ್ಯಾನುವಲ್ ಹೇಳಿದಷ್ಟು ಸುತ್ತು ಹಿಂದಕ್ಕೆ ತಿರುಗಿಸಿ. ಬಹಳ ಕಾರುಗಳಲ್ಲಿ ಇದು ಎರಡೂವರೆ ಸುತ್ತಿನ ಆಸುಪಾಸು. ಡಬ್ಬಿಯ ಮೇಲಿನ ಎರಡು ಬಾಣದ ಗುರುತು ಎದುರುಬದುರು ಬಂದರೆ ನಡು ಸಿಕ್ಕಿತು.

ಸ್ಟೀರಿಂಗಿನ ನಟ್ಟಿಗೂ ಟಾರ್ಕ್ ರೆಂಚೇ ಬೇಕು. ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕೆಂದು ಮ್ಯಾನುವಲ್ ಹೇಳಿದ್ದರೆ ಹೊಸದು ತನ್ನಿ. ಏರ್‌ಬ್ಯಾಗ್, ಸ್ಟೀರಿಂಗ್ ಇವೆರಡರಲ್ಲಿ ಕೈ ನಡುಗುತ್ತಿದ್ದರೆ ಉಳಿದದ್ದನ್ನೆಲ್ಲ ನೀವೇ ಮಾಡಿ, ಇಷ್ಟನ್ನು ತಿಳಿದ ಮಿಸ್ತ್ರಿಯನ್ನು ಮನೆಗೇ ಕರೆಸಿ ಮಾಡಿಸಿ. ಅದಕ್ಕೆ ಕೊಡುವ ದುಡ್ಡು ದಂಡವಲ್ಲ.

ಕೂಲಂಟ್ ಹೆಂಗ ತುಂಬಬೇಕು? ಬೋರಿನ ನೀರ ನಡೀತದೇನು?

ನಡೆಯುವುದಿಲ್ಲ. ನಮ್ಮ ಕಡೆಯ ಬೋರಿನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬಿಸಿಗೆ ಕಲ್ಲುಕಟ್ಟುತ್ತದೆ, ಹೀಟರ್ ಕಾಯಿಲ್‌ನ ಸಣ್ಣ ದಾರಿಗಳನ್ನು ಮುಚ್ಚುತ್ತದೆ. ಇಷ್ಟು ಕಷ್ಟಪಟ್ಟು ಹಾಕಿದ ಹೊಸ ಕಾಯಿಲ್‌ಗೆ ಡಿಸ್ಟಿಲ್ಡ್ ವಾಟರ್ ಕೊಡಿ. ದಟ್ಟ ಕೂಲಂಟ್ ತಂದಿದ್ದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಬೆರೆಸುವುದು, ರೆಡಿ ಮಿಕ್ಸ್ ತಂದಿದ್ದರೆ ನೀರೇ ಬೇಡ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಕಂಪನಿಯವರ ಇಚ್ಛೆ, ಡಬ್ಬಿಯ ಮೇಲಿನ ದರ್ಜೆ ನಿಮ್ಮ ಕಾರಿನ ಪುಸ್ತಕಕ್ಕೆ ಹೊಂದಬೇಕು.

ಹೀಟರ್ ಕಾಯಿಲ್‌ನಲ್ಲಿ ಗಾಳಿ ನಿಲ್ಲುವುದು ಸಹಜ. ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ತುಂಬಿ, ಇಂಜಿನ್ ಶುರು ಮಾಡಿ. ಗುಳ್ಳೆ ಬಂದಂತೆ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಗಾಳಿ ಬಿಡುವ ಸ್ಕ್ರೂ ಇರುವ ಇಂಜಿನ್ ಆದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ಕೂಲಂಟ್ ಬರತೊಡಗಿದಾಗ ಬಿಗಿಯಿರಿ. ಇಂಜಿನ್ ಬಿಸಿಯೇರುವ ಮೊದಲೇ ಮುಚ್ಚಳ ಹಾಕಿ. ಸಾಮಾನ್ಯವಾಗಿ 80-90 ಡಿಗ್ರಿಯ ನಡುವೆ ಥರ್ಮೋಸ್ಟಾಟ್ ತೆರೆಯುತ್ತದೆ, ರೇಡಿಯೇಟರ್ ಹೋಸ್ ಬಿಸಿಯಾಗುತ್ತದೆ, ಫ್ಯಾನ್ ತಿರುಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ಮಟ್ಟ ನೋಡಿ. ಬಿಸಿ ಇಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಡ್ಯಾಶ್‌ಬೋರ್ಡಿನ ಹಿಂದೆ ನೀರು ಗುಳುಗುಳು ಎನ್ನುವ ಸಪ್ಪಳ ಬಂದರೆ, ಇಂಜಿನ್ ಬಿಸಿಯಿದ್ದರೂ ಹೀಟರ್ ತಣ್ಣಗಿದ್ದರೆ, ಇನ್ನೂ ಗಾಳಿ ಉಳಿದಿದೆ.

ಹಳೆಯ ಕೂಲಂಟನ್ನು ಗಟಾರಕ್ಕೆ ಚೆಲ್ಲಬೇಡಿ, ತೆರೆದ ಬುಟ್ಟಿಯಲ್ಲಿಯೂ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ಓಣಿಯ ನಾಯಿ ನೆಕ್ಕಿದರೆ ಸಾಯುತ್ತದೆ, ಕೂಸುಗಳಿಗೂ ವಿಷ. ಮುಚ್ಚಳವಿರುವ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ಕೂಡಿಸಿದ ಮ್ಯಾಲ ಬರೀ ಬಿಸಿ ಗಾಳಿ ಬರ್ತದ, ತಂಪ ಬರವಲ್ತು.

ಗುಂಡಿಯಿಂದ ಹೀಟರ್ ಬಾಕ್ಸಿಗೆ ತಂತಿ ಕೇಬಲ್ ಹೋಗುವ ಹಳೆಯ ಮಾದರಿಯಾದರೆ, ಕೇಬಲ್ಲಿನ ಹೊರಕವಚವನ್ನು ಹಿಡಿಯುವ ಕ್ಲಿಪ್ ತಪ್ಪು ಜಾಗದಲ್ಲಿ ಕೂತಿದೆ. ಗುಂಡಿಯನ್ನು ಪೂರ್ತಿ ತಂಪಿಗೆ ತಿರುಗಿಸಿ. ಬಾಕ್ಸಿನ ಲಿವರನ್ನೂ ಕೈಯಿಂದ ಪೂರ್ತಿ ತಂಪಿನ ತುದಿಗೆ ತಳ್ಳಿ ಹಿಡಿಯಿರಿ. ಈಗ ಕವಚವನ್ನು ಕ್ಲಿಪ್ಪಿಗೆ ಒತ್ತಿ. ಇನ್ನೊಂದು ತುದಿಗೆ ತಿರುಗಿಸಿ ನೋಡಿದಾಗ ಬಾಗಿಲು 'ಟಪ್' ಎಂದು ಕೂತ ಸಪ್ಪಳ ಕೇಳಬೇಕು.

ಸಣ್ಣ ಮೋಟರ್ ಇರುವ ಆಟೊಮ್ಯಾಟಿಕ್ ಆದರೆ, ಬ್ಯಾಟರಿ ಜೋಡಿಸಿದ ಮೇಲೆ ಅದಕ್ಕೆ ತನ್ನ ಎರಡು ತುದಿ ಕಂಡುಕೊಳ್ಳಲು ಸ್ವಲ್ಪ ಹೊತ್ತು ಕೊಡಿ. ಕೆಲವು ಕಾರುಗಳಲ್ಲಿ ತಾನಾಗಿ ಆಗುತ್ತದೆ, ಕೆಲವಕ್ಕೆ ಬಟನ್ ಒತ್ತುವ ಕ್ರಮವಿದೆ. ಟಿಕ್-ಟಿಕ್ ಸಪ್ಪಳ ನಿಲ್ಲದಿದ್ದರೆ ಮೋಟರಿನ ಹಲ್ಲು ಬಾಗಿಲಿನ ಕಡ್ಡಿಗೆ ಸರಿಯಾಗಿ ಕೂತಿಲ್ಲ ಅಥವಾ ಒಳಗಿನ ಗಿಯರ್ ಮುರಿದಿದೆ.

ಬ್ಲೋವರ್ ನಾಕನೇ ನಂಬರಿನ್ಯಾಗ ಅಷ್ಟ ತಿರಗತದ.

ಬ್ಲೋವರ್ ರೆಸಿಸ್ಟರ್, ಅಂದರೆ ಫ್ಯಾನಿನ ವೇಗ ತಗ್ಗಿಸುವ ಭಾಗ. ಅದರ ಕಪ್ಲರ್ ಹಾಕಿದ್ದೀರಾ ನೋಡಿ. ಹಾಕಿದ್ದರೆ ಸುಟ್ಟಿದೆ, ಬದಲಿಸಿ. ಕಪ್ಲರ್ ಕರಗಿ ಕಂದಾಗಿದ್ದರೆ ಅದನ್ನೂ ಬದಲಿಸಬೇಕು, ಮತ್ತು ಬ್ಲೋವರ್ ಮೋಟರ್ ಬಿಗಿಯಾಗಿ ತಿರುಗುತ್ತಿದೆಯೇ ಎಂದು ನೋಡಬೇಕು. ಹೆಚ್ಚು ಕರೆಂಟು ಎಳೆಯುವ ಮೋಟರ್ ಇದ್ದರೆ ಹೊಸ ರೆಸಿಸ್ಟರೂ ಸುಡುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಸೀಜನ್ನಿನಲ್ಲಿ ಓಡಾಡುವ ಗಾಡಿಯಾದರೆ ಕ್ಯಾಬಿನ್ ಫಿಲ್ಟರ್ ಈಗಲೇ ಹೊಸದು ಹಾಕಿ. ಫಿಲ್ಟರ್ ಕಟ್ಟಿದ್ದರೆ ಎಷ್ಟು ರಿಪೇರಿ ಮಾಡಿದರೂ ಗಾಳಿ ಬರುವುದಿಲ್ಲ, ಖಾರದ ಘಾಟು ಮಾತ್ರ ಬರುತ್ತದೆ.

ಎಸಿ ಕೂಲಿಂಗ್ ಕಾಯಿಲ್‌ನೂ ತಗದೇನಿ. ಗ್ಯಾಸ್ ನಾನ ತುಂಬಬಹುದೇನು?

ಬೇಡ. ಪೈಪ್ ತೆರೆದಿದ್ದರೆ ಒಳಗೆ ಗಾಳಿ, ತೇವ ಸೇರಿರುತ್ತದೆ. ವ್ಯಾಕ್ಯೂಮ್ ಪಂಪಿನಿಂದ ಎಳೆದು, ಸೋರಿಕೆ ನೋಡಿ, ಬಾನೆಟ್ ಅಡಿಯ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ತೂಗಿ ಗ್ಯಾಸ್ ಹಾಕಬೇಕು. ಯಂತ್ರ ಇರುವ ಅಂಗಡಿಯಲ್ಲೇ ಆಗುವ ಕೆಲಸ ಅದು. ಬಿಚ್ಚುವ ಮೊದಲೂ ಗ್ಯಾಸನ್ನು ಯಂತ್ರದಿಂದ ತೆಗೆಸಬೇಕು, ಗಾಳಿಗೆ ಬಿಡಬಾರದು. ಆರ್-134ಎ ಗ್ಯಾಸಿನ ಭೂತಾಪದ ಶಕ್ತಿ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೇಲು. ಅಲ್ಲದೆ ರಭಸದಿಂದ ಹೊರಬಿದ್ದ ಗ್ಯಾಸ್ ಕಣ್ಣಿಗೆ ತಾಕಿದರೆ ಕಣ್ಣು ಹೋಗಬಹುದು.

ನೀವು ನೋಡಬೇಕಾದದ್ದು ಎರಡು. ಓ-ರಿಂಗ್ ಹೊಸದು, ಅದಕ್ಕೆ ಕಂಪ್ರೆಸರ್ ಆಯಿಲನ್ನೇ ಸವರಿ. ಕೂಲಿಂಗ್ ಕಾಯಿಲ್‌ನಿಂದ ಹನಿಯುವ ನೀರು ಹೊರಗೆ ಹೋಗುವ ಡ್ರೇನ್ ಪೈಪು ಬಾಡಿಯ ರಂಧ್ರದಿಂದ ಹೊರಬಿದ್ದಿದೆಯೇ ನೋಡಿ. ಡ್ಯಾಶ್‌ಬೋರ್ಡ್ ಹಾಕುವ ಮೊದಲೇ ಬಾಕ್ಸಿನೊಳಗೆ ಒಂದು ಲೋಟ ನೀರು ಸುರಿದು, ಅದು ಗಾಡಿಯ ಕೆಳಗೆ ನೆಲಕ್ಕೆ ಬೀಳುವುದನ್ನು ಕಣ್ಣಾರೆ ನೋಡಿಕೊಳ್ಳಿ.

ಕ್ಲಿಪ್ಪ ಮುರದಾವು. ಫೆವಿಕ್ವಿಕ್ ಹಾಕಲ್ಯಾ?

ಕರಿ ಪ್ಲಾಸ್ಟಿಕ್ ಮೇಲೆ ಅದರ ಆವಿಗೆ ಬಿಳಿ ಕಲೆ ಏಳುತ್ತದೆ, ಹಿಡಿತವೂ ಅಲುಗಾಟಕ್ಕೆ ನಿಲ್ಲುವುದಿಲ್ಲ. ಲೋಹದ ಸ್ಪ್ರಿಂಗ್ ಕ್ಲಿಪ್ಪುಗಳು ಬಹಳ ಸಲ ಮುರಿದಿರುವುದೇ ಇಲ್ಲ, ಬಾಡಿಯ ರಂಧ್ರದಲ್ಲೇ ಉಳಿದಿರುತ್ತವೆ. ಪಕ್ಕಡ್‌ನಿಂದ ಎಳೆದು ಪ್ಯಾನೆಲ್ಲಿಗೆ ಸಿಗಿಸಿ, ಆಮೇಲೆ ಒತ್ತಿ. ನಿಜವಾಗಿ ಮುರಿದದ್ದಕ್ಕೆ ಕಾರ್ ಆ್ಯಕ್ಸೆಸರಿ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತವೆ, ಹಳೆಯದೊಂದನ್ನು ನಮೂನೆಗೆ ಒಯ್ಯಿರಿ. ಏರ್‌ಬ್ಯಾಗ್ ಮುಚ್ಚಳದ ಹತ್ತಿರ ಯಾವ ಅಂಟೂ, ಯಾವ ಟೇಪೂ ಬೇಡ.

ಉಣಕಲ್ ಕಡೆ ರೋಡಿನ ಮ್ಯಾಲ ಹೊಂಟ್ರ ಕಟಕಟ ಅಂತದ.

ಸಪ್ಪಳ ಹುಡುಕಲು ಪಕ್ಕದಲ್ಲಿ ಒಬ್ಬರನ್ನು ಕೂಡಿಸಿಕೊಂಡು, ಅವರು ಒಂದೊಂದೇ ಪ್ಯಾನೆಲ್ಲನ್ನು ಅಂಗೈಯಿಂದ ಒತ್ತಿ ಹಿಡಿಯಲಿ. ಯಾವುದನ್ನು ಒತ್ತಿದಾಗ ನಿಂತಿತೋ ಅಲ್ಲಿದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುವ ಕಿರಿಕಿರಿಗೆ ತೆಳು ಫೆಲ್ಟ್ ಟೇಪು ಸಾಕು. ಗಟ್ಟಿ ಕಟಕಟ ಆದರೆ ಅದು ಜೋತುಬಿದ್ದ ಕಪ್ಲರ್ ಹೀಟರ್ ಬಾಕ್ಸಿಗೆ ಬಡಿಯುವುದು. ವೈರಿಂಗಿನ ಹಳೆಯ ಕ್ಲಿಪ್ಪುಗಳನ್ನೆಲ್ಲ ಮರಳಿ ಸಿಗಿಸಿದ್ದರೆ ಇದು ಬರುವುದಿಲ್ಲ. ಬಟ್ಟೆಯ ವೈರಿಂಗ್ ಟೇಪು ಸುತ್ತಿ. ಸಾದಾ ಕರಿ ಇನ್ಸುಲೇಶನ್ ಟೇಪು ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟು ಜಾರುತ್ತದೆ.

ಬ್ಯಾಟರಿ ಹಚ್ಚಿದ ಮ್ಯಾಲ ಕಿಟಕಿ ತಾನ ಏರವಲ್ತು, ಸ್ಟೀರಿಯೊ ಕೋಡ್ ಕೇಳ್ತದ.

ಎರಡೂ ರೋಗವಲ್ಲ. ಬಹಳ ಕಾರುಗಳಲ್ಲಿ ಕಿಟಕಿಯನ್ನು ಪೂರ್ತಿ ಏರಿಸಿ, ಸ್ವಿಚ್ಚನ್ನು ಕೆಲವು ಸೆಕೆಂಡು ಒತ್ತಿಯೇ ಹಿಡಿದರೆ ಆಟೊ ಮರಳುತ್ತದೆ. ಸ್ಟೀರಿಯೊ ಕೋಡ್ ಕಾರಿನ ಕಾಗದಪತ್ರಗಳ ಜೊತೆ ಇರುತ್ತದೆ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಈ ಪುಟ ನಿಮಗಲ್ಲ, ಶೋರೂಮಿಗೆ ಒಯ್ಯಿರಿ.

ರಿಪೇರಿ ಆದ ಮ್ಯಾಲೂ ಸಿಹಿ ವಾಸನೆ ಬರ್ತದ, ಗಾಜ ಮಂಜ ಆಗ್ತದ. ಮತ್ತ ಸೋರಾಕ ಹತ್ತೇತೇನು?

ಇರಬಹುದು, ಇಲ್ಲದಿರಬಹುದು. ಹಳೆಯ ಸೋರಿಕೆಯ ಕೂಲಂಟ್ ಕಾರ್ಪೆಟ್ಟಿನ ಕೆಳಗಿನ ದಪ್ಪ ಫೋಮಿನಲ್ಲಿ ಕುಳಿತಿರುತ್ತದೆ, ಅದು ನೀರಿನಂತೆ ಬೇಗ ಆರುವುದಿಲ್ಲ. ಗಾಡಿ ಬಿಸಿಯಾದಾಗಲೆಲ್ಲ ಆವಿ ಎದ್ದು ಗಾಜಿಗೆ ಜಿಡ್ಡಾಗಿ ಕೂರುತ್ತದೆ. ಸೀಟು ಹೊರಗಿರುವಾಗಲೇ ಕಾರ್ಪೆಟ್ ಎತ್ತಿ ಬೆಚ್ಚಗಿನ ಸೋಪುನೀರಿನಿಂದ ತೊಳೆದು, ಒಳ್ಳೆಯ ಬಿಸಿಲಿಗೆ ಫೋಮ್ ಪೂರ್ತಿ ಒಣಗುವವರೆಗೆ ಹಾಕಬೇಕು. ಅದಕ್ಕೇ ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ.

ಖಾತ್ರಿ ಮಾಡಿಕೊಳ್ಳಲು, ರಿಸರ್ವ್ ಡಬ್ಬಿಯ ಮಟ್ಟಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಒಂದು ವಾರ ನೋಡಿ. ಮೊದಲ ಒಂದೆರಡು ದಿನ ಉಳಿದ ಗಾಳಿ ಹೋಗಿ ಸ್ವಲ್ಪ ಇಳಿಯಬಹುದು, ತುಂಬಿ. ಆಮೇಲೆಯೂ ಇಳಿಯುತ್ತಿದ್ದರೆ ಎಡಗಡೆಯ ಮ್ಯಾಟ್ ಎತ್ತಿ, ಹೀಟರ್ ಬಾಕ್ಸಿನ ತಳವನ್ನು ಒಣ ಕಾಗದದಿಂದ ಒರೆಸಿ. ಕಾಗದಕ್ಕೆ ಬಣ್ಣ, ಜಿಡ್ಡು ಹತ್ತಿದರೆ ಕೂಲಂಟ್. ಬರೀ ನೀರಾದರೆ ಎಸಿಯ ಡ್ರೇನ್ ಪೈಪು ಕಟ್ಟಿದೆ, ಅದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಿಲ್ಲ, ಗಾಡಿಯ ಕೆಳಗಿನಿಂದ ಪೈಪಿನ ಬಾಯಿ ಸ್ವಚ್ಛ ಮಾಡಿದರೆ ಸಾಕು.